ನೆಲಕ್ಕೆ ಮರ ಹಾಸುವ ಮುನ್ನ

ಮಲೆನಾಡಿನ ಹಳೆಯ ಮನೆಗಳಲ್ಲಿ ಮರಕ್ಕೆ ಬರವಿರಲಿಲ್ಲ. ಕಂಬ, ತೊಲೆ, ಬಾಗಿಲವಾಡ, ಉಪ್ಪರಿಗೆಯ ಹಲಗೆ ಎಲ್ಲವೂ ಮರವೇ. ಆದರೂ ಕೆಳಗಿನ ನೆಲಕ್ಕೆ ಮಾತ್ರ ಮಣ್ಣು ಬಡಿದು ಸೆಗಣಿ ಸಾರಿಸುತ್ತಿದ್ದರು. ಅನುಕೂಲಸ್ಥರು ಗಾರೆ ಹಾಕಿಸುತ್ತಿದ್ದರು. ಮಳೆಗಾಲವಿಡೀ ಶೀತ ಏರುವ, ಗೆದ್ದಲು ಓಡಾಡುವ ನೆಲದ ಮೇಲೆ ಹಲಗೆ ಬಾಳುವುದಿಲ್ಲ ಎಂಬುದು ಆ ಬಡಗಿಗಳಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಲಗುವ ಕೋಣೆಗೆ ಓಕ್, ವಾಲ್‌ನಟ್ ಹಲಗೆಗಳು ಬಂದು ಕೂರುತ್ತಿರುವ ಈ ದಿನಗಳಲ್ಲಿ ಆ ತಿಳಿವಳಿಕೆಯನ್ನು ಮತ್ತೆ ನೆನೆಯಬೇಕಾಗಿದೆ.

ಅಂಗಡಿಗಳಲ್ಲಿ ‘ವುಡನ್ ಫ್ಲೋರಿಂಗ್’ ಎಂಬ ಒಂದೇ ಹೆಸರಿನಡಿ ಮಾರಾಟವಾಗುವುದರಲ್ಲಿ ಎರಡು ಬೇರೆಯೇ ಸರಕುಗಳಿವೆ.

ಮೊದಲನೆಯದು ಎಂಜಿನಿಯರ್ಡ್ ವುಡ್. ಇದರ ಮೇಲ್ಪದರ ಅಸಲಿ ಮರ. ದಪ್ಪ ಸಾಮಾನ್ಯವಾಗಿ 2ರಿಂದ 6 ಮಿಲಿಮೀಟರ್. ಕೆಳಗೆ ಪ್ಲೈವುಡ್‌ನಂತೆ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ಪದರಗಳು. ಮರ ತೇವ ಹೀರಿದಾಗ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಗಲಕ್ಕೆ ಹಿಗ್ಗುವುದೇ ಹೆಚ್ಚು. ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿದ್ದರೆ ಒಂದು ಹಿಗ್ಗಲು ಹೊರಟಾಗ ಇನ್ನೊಂದು ತಡೆದು ಹಿಡಿಯುತ್ತದೆ. ಸ್ವೀಡನ್ನಿನ ನೈಬ್ರೊ ಊರಿನ ಕೆಹ್ರ್ಸ್ ಕಂಪನಿ ಇಂಥ ಬಹುಪದರದ ನೆಲಹಾಸಿಗೆ 1941ರಲ್ಲಿ ಪೇಟೆಂಟ್ ಪಡೆಯಿತು. ಚಳಿಗಾಲದಲ್ಲಿ ಒಲೆ ಉರಿಸಿ ಮನೆಯೊಳಗೆ ಒಣಹವೆ, ಬೇಸಿಗೆಯಲ್ಲಿ ತೇವ. ಇಡೀ ಮರದ ಹಲಗೆಗಳು ಬಿರುಕು ಬಿಟ್ಟು ಮತ್ತೆ ಉಬ್ಬುವ ನಾಡಿಗೆ ಅದು ನಿಜವಾದ ಪರಿಹಾರವಾಗಿತ್ತು.

ಎರಡನೆಯದು ಲ್ಯಾಮಿನೇಟ್. ಇದೂ ಸ್ವೀಡನ್ನಿನದೇ ಕೂಸು, 1970ರ ದಶಕದ ಕೊನೆಯದು. ಇದರ ಮೈಮೇಲೆ ಕಾಣುವುದು ಮರವಲ್ಲ, ಮರದ ಚಿತ್ರ ಅಚ್ಚಾದ ಕಾಗದ. ಅದರ ಮೇಲೆ ಗಟ್ಟಿ ಪಾರದರ್ಶಕ ಲೇಪ, ಅಡಿಯಲ್ಲಿ ಮರದ ನಾರನ್ನು ಒತ್ತಿ ಮಾಡಿದ ಬೋರ್ಡು. ಗೀರು ತಡೆಯುವುದರಲ್ಲಿ ಇದು ಎಂಜಿನಿಯರ್ಡ್ ಮರಕ್ಕಿಂತ ಮುಂದಿದೆ, ಬೆಲೆಯೂ ಕಡಿಮೆ. ಆದರೆ ಸಂದಿಗೆ ನೀರಿಳಿದು ಅಂಚು ಉಬ್ಬಿತೆಂದರೆ ಮತ್ತೆ ಮೊದಲಿನಂತಾಗದು. ಉಜ್ಜಿ ಹೊಸ ಪಾಲಿಶ್ ಕೊಡಲು ಅಲ್ಲಿ ಮರವೇ ಇಲ್ಲ. ಎಂಜಿನಿಯರ್ಡ್ ಹಲಗೆಯನ್ನು ಮೇಲ್ಪದರ ದಪ್ಪವಿದ್ದಷ್ಟು ಸಲ ಉಜ್ಜಬಹುದು. ಹಾಗಾಗಿ ಮಾದರಿ ತುಂಡಿನ ಮುಖವನ್ನಲ್ಲ, ಕತ್ತರಿಸಿದ ಅಂಚನ್ನು ನೋಡಬೇಕು. ದರದ ಗುಟ್ಟೆಲ್ಲ ಅಲ್ಲಿದೆ.

ನಮ್ಮ ಮನೆಗಳ ಕಷ್ಟ ನೀರಿನದು. ದಿನ ಬೆಳಗಾದರೆ ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಹಬ್ಬ ಬಂದರೆ ಬಕೆಟ್ಟಿನಲ್ಲಿ ನೀರು ಹುಯ್ದು ತೊಳೆಯುವುದು ನಮ್ಮ ರೂಢಿ. ಎಂಜಿನಿಯರ್ಡ್ ಮರಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆಯಷ್ಟೇ ಸಲ್ಲುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಮಳೆಗಾಲದ ಗಾಳಿಯೇ ತೇವ. ಅಲ್ಲಿ ಕೆಳಅಂತಸ್ತಿಗೆ ಯಾವ ಬಗೆಯ ಮರದ ಹಾಸೂ ಬೇಡವೆಂದೇ ಹೇಳಬೇಕು. ಎಲ್ಲಿ ಹಾಸಿದರೂ ಗೋಡೆಯುದ್ದಕ್ಕೂ 8–10 ಮಿಲಿಮೀಟರ್ ಸಂದಿ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಬೇಕು. ಹಿಗ್ಗಲು ಜಾಗ ಸಿಗದ ಹಲಗೆಗಳು ಕೋಣೆಯ ನಡುವೆ ಎದ್ದು ನಿಲ್ಲುತ್ತವೆ. ಹೊಸ ಕಾಂಕ್ರೀಟಿನ ಮೇಲಾದರೆ ಮೊದಲು ಒಂದು ಪರೀಕ್ಷೆ: ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಮರುದಿನ ತೆಗೆಯಬೇಕು. ಅಡಿಯಲ್ಲಿ ಬೆವರು ಕಂಡರೆ ಕಾಂಕ್ರೀಟು ಇನ್ನೂ ಒಣಗಿಲ್ಲ.

ಕಲಬುರಗಿ ಸೀಮೆಯವರಿಗೆ ಈ ಚಿಂತೆಗಳಿಲ್ಲ. ಅಲ್ಲಿ ಫರಸಿ ಇದೆ. ಶಹಾಬಾದ್ ಸುತ್ತಮುತ್ತ ಪದರಪದರವಾಗಿ ಏಳುವ ಈ ಸುಣ್ಣದಕಲ್ಲು ಮನೆಯ ಪಡಸಾಲೆಯಿಂದ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನವರೆಗೆ ಹರಡಿದೆ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಬರಿಗಾಲಿಗೆ ಅದು ಕೊಡುವ ತಂಪನ್ನು ಯಾವ ಮರವೂ ಕೊಡಲಾರದು. ಅದರ ವೈರಿ ಹುಳಿ. ನಿಂಬೆರಸ, ಹುಣಸೆನೀರು ಬಿದ್ದಲ್ಲಿ ಹೊಳಪು ಸತ್ತು ಕಲೆ ಉಳಿಯುತ್ತದೆ. ಅಡುಗೆಮನೆಗೆ ಇಳಕಲ್ಲಿನ ಕೆಂಪು ಗ್ರಾನೈಟೋ ಚಾಮರಾಜನಗರದ ಕಪ್ಪು ಗ್ರಾನೈಟೋ ಲೇಸು. ಅವು ಹುಳಿಗೆ ಜಗ್ಗುವುದಿಲ್ಲ.

ವಿಟ್ರಿಫೈಡ್ ಟೈಲ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರು ಹೀರುವುದಿಲ್ಲವೆಂದೇ ಹೇಳಬಹುದು, ಕಲೆ ಹಿಡಿಯುವುದು ಅಪರೂಪ. ಒಂದು ಪೆಟ್ಟಿಗೆ ಹೆಚ್ಚು ಕೊಂಡಿಟ್ಟರೆ ಒಡೆದದ್ದನ್ನು ಬದಲಿಸಬಹುದು. ಬಚ್ಚಲಿಗೆ ಮಾತ್ರ ನುಣುಪಿನದು ಬೇಡ.

ರೆಡ್ ಆಕ್ಸೈಡ್ ನೆಲದ ಮಾತೇ ಬೇರೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಅದು ಬಿಗಿಯುವ ಮುನ್ನ ಕರಣೆಯಿಂದ ಮತ್ತೆ ಮತ್ತೆ ಒತ್ತಿ ನಯ ಮಾಡಿ, ಮೇಲೆ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಇಡೀ ಕೋಣೆಗೆ ಬೇಕಾದ ಪುಡಿಯನ್ನೂ ಸಿಮೆಂಟನ್ನೂ ಒಮ್ಮೆಲೇ ಒಣದಾಗಿ ಬೆರೆಸಿಟ್ಟುಕೊಳ್ಳದಿದ್ದರೆ ಬಣ್ಣ ಒಂದೊಂದು ಕಡೆ ಒಂದೊಂದು ಆಗುತ್ತದೆ. ಬಿರುಕು ಬಿಟ್ಟರೆ ತೇಪೆ ಎದ್ದು ಕಾಣುತ್ತದೆ. ಆದರೂ ವರ್ಷ ಕಳೆದಂತೆ, ಕಾಲಾಡಿದಂತೆ ಹೊಳಪು ಏರುವ ನೆಲ ಅದು. ಅಗ್ಗದ ಸಾಮಗ್ರಿಯಿಂದ ಇಷ್ಟು ಚಂದ ತೆಗೆಯುವ ಇನ್ನೊಂದು ಕಸುಬು ಕಟ್ಟಡದ ಕೆಲಸದಲ್ಲಿ ವಿರಳ. ಕೈಪಳಗಿದ ಗಾರೆಯವರು ಈಗ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ, ಅವರು ಮೊದಲು ಮಾಡಿದ ಒಂದು ನೆಲವನ್ನು ನೋಡಿಬಂದು ಕೆಲಸ ಒಪ್ಪಿಸುವುದು ಕ್ಷೇಮ.

ಮನೆಯಿಡೀ ಒಂದೇ ಹಾಸು ಇರಬೇಕೆಂಬ ಹಟವನ್ನು ಬಿಟ್ಟರೆ ಆಯ್ಕೆ ಸಲೀಸಾಗುತ್ತದೆ. ಮಹಡಿಯ ಮಲಗುವ ಕೋಣೆಗೆ, ಓದುವ ಕೋಣೆಗೆ ಎಂಜಿನಿಯರ್ಡ್ ಮರ ಒಪ್ಪುತ್ತದೆ. ಬಾಗಿಲ ಬಳಿ, ದೇವರಮನೆ, ಅಡುಗೆಮನೆಗಳಿಗೆ ಕಲ್ಲೋ ಗಾರೆಯೋ ಇರಲಿ. ಆಗ ಮಟ್ಟದ ಲೆಕ್ಕ ಮೊದಲೇ ಆಗಬೇಕು. ಮರದ ಹಲಗೆ ಸುಮಾರು 15 ಮಿಲಿಮೀಟರ್, ಅದರಡಿ ತೆಳು ಹಾಸು. ಕಲ್ಲಿಗಾದರೆ ಅದರ ದಪ್ಪದ ಜೊತೆ ಗಾರೆಯ ಹಾಸಿನ ದಪ್ಪವೂ ಸೇರುತ್ತದೆ. ಬಾಗಿಲವಾಡ ನಿಲ್ಲಿಸುವ ಮುನ್ನವೇ ಈ ಎರಡು ಅಳತೆಗಳನ್ನು ಮೇಸ್ತ್ರಿಗೆ ಬರೆದುಕೊಟ್ಟರೆ ಹೊಸ್ತಿಲ ಬಳಿ ಎಡವುವ ಏರು ಉಳಿಯದು, ಬಾಗಿಲ ಅಡಿಯನ್ನು ಆಮೇಲೆ ಕೊಯ್ಯುವ ಕೆಲಸವೂ ಬೀಳದು.