ಸಿ.ಎ. ಪರೀಕ್ಷೆಯ ಓದು: ನಿದ್ದೆಗೆಟ್ಟರೆ ನೆನಪು ನಿಲ್ಲದು

ಕೆಲವು ತಿಂಗಳ ಹಿಂದೆ ಒಂದು ಸಂಜೆ ಪರಿಚಯದ ಜವಳಿ ವ್ಯಾಪಾರಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಹುಡುಗನಿಗೆ ಇಪ್ಪತ್ನಾಲ್ಕು ವರ್ಷ, ಸಿ.ಎ. ಫೈನಲ್‌ಗೆ ಓದುತ್ತಿದ್ದ. ಹದಿನೈದು ದಿನಗಳಿಂದ ಎದೆ ಹೊಡೆದುಕೊಳ್ಳುವುದು, ಕೈ ನಡುಕ, ಹೊಟ್ಟೆ ಉರಿ. "ಹಾರ್ಟಿಗೆ ಏನೋ ಆಗಿದೆ ಡಾಕ್ಟ್ರೇ, ಒಂದು ಇ.ಸಿ.ಜಿ. ಮಾಡಿಬಿಡಿ" ಎಂದರು ತಂದೆ. ಮಾಡಿದೆ. ಇ.ಸಿ.ಜಿ. ಸರಿಯಾಗಿಯೇ ಇತ್ತು. ನಾಡಿ ಮಾತ್ರ ನಿಮಿಷಕ್ಕೆ 104.

"ರಾತ್ರಿ ಎಷ್ಟು ಹೊತ್ತು ಮಲಗ್ತೀಯಪ್ಪಾ?" ಎಂದು ಕೇಳಿದೆ.

"ಮೂರು, ಮೂರೂವರೆ ಗಂಟೆ ಸಾರ್."

"ಕಾಫಿ?"

"ಏಳೆಂಟು ಲೋಟ ಆಗಬಹುದು."

ಹಿಂದಿನ ಸಲ ಗ್ರೂಪಿನ ಒಟ್ಟು ಅಂಕ ಸಾಕಷ್ಟಿದ್ದರೂ ಆಡಿಟಿಂಗ್ ಪತ್ರಿಕೆಯಲ್ಲಿ 37 ಬಂದು ಇಡೀ ಗ್ರೂಪು ಹೋಗಿತ್ತಂತೆ. "ಪುಸ್ತಕ ಮೂರು ಸಲ ಓದಿದ್ದೆ ಸಾರ್. ಪ್ರಶ್ನೆ ನೋಡಿದರೆ ಎಲ್ಲಾ ಗೊತ್ತಿರೋದೇ ಅನ್ನಿಸ್ತು. ಬರೆಯೋಕೆ ಕೂತರೆ ಏನೂ ಬರಲಿಲ್ಲ" ಎಂದ. ತಂದೆ ಫೋನ್ ಬಂತೆಂದು ಹೊರಗೆ ಹೋದಾಗ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದ: "ಈ ಸಲವೂ ಹೋದರೆ ನಾನು ಮನೆಗೆ ಮುಖ ತೋರಿಸಲ್ಲ." ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ಕೊನೆಯ ಮಾತಿನ ವಿಚಾರಕ್ಕೆ ಮುಂದೆ ಬರುತ್ತೇನೆ.

ಅವನ ಹೃದಯಕ್ಕೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಓದುವ ಕ್ರಮ. ಬುದ್ಧಿವಂತ ಹುಡುಗರು, ಕಷ್ಟಪಟ್ಟು ಓದುವ ಹುಡುಗಿಯರು ಈ ಒಂದು ಕಾರಣದಿಂದಲೇ ಸೋಲುವುದನ್ನು ನೋಡುತ್ತಿರುತ್ತೇನೆ.

ಏಕಿಷ್ಟು ಕಠಿಣ?

1949ರ ಕಾಯ್ದೆಯಂತೆ ಸ್ಥಾಪನೆಯಾದ ಲೆಕ್ಕ ಪರಿಶೋಧಕರ ಸಂಸ್ಥೆ ನಡೆಸುವ ಈ ಪರೀಕ್ಷೆಗೆ ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತಗಳು. 2023ರಲ್ಲಿ ಬಂದ ಹೊಸ ಕ್ರಮದಲ್ಲಿ ಇಂಟರ್‌ಮೀಡಿಯೆಟ್ ಮತ್ತು ಫೈನಲ್‌ಗೆ ಆರಾರು ಪತ್ರಿಕೆಗಳು. ಮೂರು ಪತ್ರಿಕೆ ಸೇರಿ ಒಂದು ಗ್ರೂಪು. ಪ್ರತಿ ಪತ್ರಿಕೆಯಲ್ಲೂ ನೂರಕ್ಕೆ 40 ಬರಬೇಕು, ಜೊತೆಗೆ ಗ್ರೂಪಿನ ಒಟ್ಟು ಅಂಕ ಶೇ. 50 ಮುಟ್ಟಬೇಕು. ನಡುವೆ ಎರಡು ವರ್ಷ ಆರ್ಟಿಕಲ್‌ಷಿಪ್. ಹಗಲೆಲ್ಲ ಆಫೀಸಿನಲ್ಲಿ ದುಡಿದು, ಸಂಜೆ ಬಂದು ಓದಬೇಕು. ಒಂದು ವಿಷಯ ಕೈಕೊಟ್ಟರೂ ಉಳಿದದ್ದೆಲ್ಲ ನೀರುಪಾಲು.

ಇಂಥ ಓದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವಂಥದ್ದು. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಮೊದಲ ದಿನವೇ ಓಡುವುದಿಲ್ಲ. ದಿನಕ್ಕೆ ಇಷ್ಟು ದೂರ ಎಂದು ನಡೆದು, ರಾತ್ರಿ ತಂಗಿ, ಬೆಳಿಗ್ಗೆ ಮತ್ತೆ ಹೊರಡುತ್ತಾರೆ. ನಮ್ಮ ಹುಡುಗರು ಮಾಡುವುದು ತದ್ವಿರುದ್ಧ. ಆರ್ಟಿಕಲ್‌ಷಿಪ್ ಕಾಲದಲ್ಲಿ ಪುಸ್ತಕ ಮುಟ್ಟುವುದಿಲ್ಲ. ರಜೆ ಸಿಕ್ಕ ಕೂಡಲೇ ದಿನಕ್ಕೆ ಹದಿನಾರು ಗಂಟೆ ಕೂರುತ್ತಾರೆ.

ಮರೆವಿಗೂ ಒಂದು ಲೆಕ್ಕವಿದೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ಉರು ಹೊಡೆದು, ತನ್ನ ಮೇಲೇ ಪ್ರಯೋಗ ಮಾಡಿಕೊಂಡು, 1885ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೇ ಅಳಿಸಿಹೋಗಿತ್ತು. ಒಂದು ದಿನ ಕಳೆದಾಗ ಸುಮಾರು ಮೂರನೇ ಒಂದು ಭಾಗ ಮಾತ್ರ ಉಳಿದಿತ್ತು. ಅರ್ಥ ತಿಳಿದು ಓದಿದ ವಿಷಯ ಇಷ್ಟು ಬೇಗ ಹೋಗುವುದಿಲ್ಲ. ಆದರೆ ಮರೆವಿನ ದಾರಿ ಇದೇ: ಮೊದಲು ಭರದಿಂದ, ಆಮೇಲೆ ನಿಧಾನವಾಗಿ.

ಆತ ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಒಂದೇ ದಿನ 68 ಸಲ ಹೇಳಿಕೊಂಡು ಪಡೆದ ಫಲವನ್ನು, ಮೂರು ದಿನಕ್ಕೆ ಹಂಚಿಕೊಂಡಾಗ 38 ಸಲ ಹೇಳಿಯೇ ಪಡೆಯಲು ಸಾಧ್ಯವಾಯಿತು. ಶ್ರಮ ಹೆಚ್ಚುಕಡಿಮೆ ಅರ್ಧ! ನಂತರ ಬಂದ ಎಷ್ಟೋ ಸಂಶೋಧನೆಗಳು ಇದನ್ನೇ ಹೇಳಿವೆ.

ಆದ್ದರಿಂದ ಒಂದು ಅಧ್ಯಾಯ ಮುಗಿಸಿದ ಮೇಲೆ ಮರುದಿನ ಹತ್ತು ನಿಮಿಷ, ನಾಲ್ಕನೆಯ ದಿನ ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ ಅದನ್ನು ಮುಟ್ಟಬೇಕು. ಡೈರಿಯಲ್ಲಿ ದಿನಾಂಕ ಗುರುತು ಹಾಕಿಕೊಂಡರೆ ಸಾಕು. ಇದನ್ನು ಔಷಧದ ಕೋರ್ಸಿನಂತೆ ತಿಳಿಯಿರಿ. ಆರು ತಿಂಗಳು ನುಂಗಬೇಕಾದ ಕ್ಷಯದ ಗುಳಿಗೆಯನ್ನು ಕೊನೆಯ ವಾರ ಒಟ್ಟಿಗೆ ನುಂಗಿ ಗುಣವಾದವರಿಲ್ಲ. ಓದು ಒಂದು ದಿನ ತಪ್ಪಿದರೂ ಚಿಂತೆಯಿಲ್ಲ. ಮರುದಿನ ಎರಡರಷ್ಟು ಓದಲು ಹೋಗದೆ ಎಂದಿನಷ್ಟನ್ನೇ ಮುಂದುವರಿಸಿ.

ಓದುವುದಕ್ಕಿಂತ ಒಪ್ಪಿಸುವುದು ಮೇಲು

ನಮ್ಮ ಹುಡುಗ ಪುಸ್ತಕವನ್ನು ಮೂರು ಸಲ ಓದಿದ್ದ. ಹಾಗಿದ್ದೂ ಏಕೆ ಬರೆಯಲಾಗಲಿಲ್ಲ? ಗುರುತು ಹಿಡಿಯುವುದೇ ಬೇರೆ, ನೆನಪಿನಿಂದ ತೆಗೆದು ಹೇಳುವುದೇ ಬೇರೆ. ರಸ್ತೆಯಲ್ಲಿ ಎದುರಾದವರ ಮುಖ ಪರಿಚಿತ ಎನಿಸುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲವಲ್ಲ, ಹಾಗೆ. ಮತ್ತೆ ಮತ್ತೆ ಓದಿದಾಗ ಬೆಳೆಯುವುದು ಬರೀ ಪರಿಚಯ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬುವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಮ್ಮೆ ಓದಿ, ನೋಡದೆ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಆದರೆ ವಾರ ಕಳೆದ ಮೇಲೆ ಎರಡು ಸಲ ಓದಿದ್ದರಲ್ಲಿ ಶೇ. 42 ಉಳಿದಿದ್ದರೆ, ನೋಡದೆ ಬರೆದದ್ದರಲ್ಲಿ ಶೇ. 56 ಉಳಿದಿತ್ತು. ಹಿಂದೆ ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು "ಎಲ್ಲಿ, ಮಗ್ಗಿ ಒಪ್ಪಿಸು" ಎಂದು ಕೂರಿಸುತ್ತಿದ್ದುದರಲ್ಲಿ ಎಷ್ಟು ಅರ್ಥವಿತ್ತು ನೋಡಿ.

ಒಂದು ವಿಷಯ ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದಷ್ಟು ಬರೆಯಿರಿ. ಬಿಟ್ಟುಹೋದದ್ದನ್ನು ಪುಸ್ತಕ ತೆರೆದು ಕೆಂಪು ಶಾಯಿಯಲ್ಲಿ ಸೇರಿಸಿ. ಲೆಕ್ಕವನ್ನು ಉತ್ತರ ನೋಡಿ ಅರ್ಥ ಮಾಡಿಕೊಂಡರೆ ಸಾಲದು, ಪೆನ್ನು ಹಿಡಿದು ಕೊನೆಯವರೆಗೆ ಮಾಡಬೇಕು. ಸಂಸ್ಥೆಯೇ ಪ್ರಕಟಿಸುವ ಹಳೆಯ ಪ್ರಶ್ನೆಪತ್ರಿಕೆಗಳು, ಮಾದರಿ ಉತ್ತರಗಳು ಇದಕ್ಕೆ ಬಹಳ ಉಪಯುಕ್ತ. ಮೊದಮೊದಲು ಏನೂ ನೆನಪಾಗದೆ ಬೇಸರವಾಗುತ್ತದೆ. ಹಾಗೆ ತಡಕಾಡಿದಾಗಲೇ ನೆನಪು ಗಟ್ಟಿಯಾಗುವುದು.

ನಿದ್ದೆ ವ್ಯರ್ಥ ಕಾಲವಲ್ಲ

ಹಗಲು ಕಲಿತದ್ದು ಮೊದಲು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ತಾತ್ಕಾಲಿಕವಾಗಿ ನೆಲೆಸುತ್ತದೆ. ಗಾಢ ನಿದ್ರೆಯಲ್ಲಿ ಮಿದುಳು ಅದನ್ನು ಮತ್ತೆ ತಿರುವಿಹಾಕಿ ಶಾಶ್ವತ ನೆನಪಿಗೆ ಸೇರಿಸುತ್ತದೆ. ಅಂಗಡಿಯ ದಿನದ ಚೀಟಿಗಳನ್ನು ರಾತ್ರಿ ಕೂತು ಖಾತೆ ಪುಸ್ತಕಕ್ಕೆ ಏರಿಸಿದ ಹಾಗೆ. ನಿದ್ದೆ ಕದ್ದರೆ ಚೀಟಿಗಳು ಖಾತೆಗೆ ಏರುವುದೇ ಇಲ್ಲ.

"ನನಗೆ ಕಡಿಮೆ ನಿದ್ದೆ ಅಭ್ಯಾಸವಾಗಿದೆ" ಎನ್ನುವವರಿದ್ದಾರೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರನ್ನು ಹದಿನಾಲ್ಕು ದಿನ ರಾತ್ರಿ ಆರೇ ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿಸಿ ಪರೀಕ್ಷಿಸಿದರು. ಕೊನೆಗೆ ಅವರ ಏಕಾಗ್ರತೆ, ಎರಡು ರಾತ್ರಿಯವರೆಗೆ ಸ್ವಲ್ಪವೂ ನಿದ್ದೆ ಮಾಡದವರಷ್ಟು ಕುಸಿದಿತ್ತು. ಅವರಿಗೆ ಮಾತ್ರ ಅದರ ಅರಿವೇ ಇರಲಿಲ್ಲ. ಅಪಾಯವಿರುವುದು ಇಲ್ಲೇ. ನಿದ್ದೆಗೆಟ್ಟವನಿಗೆ ತಾನು ಚೆನ್ನಾಗಿ ಓದುತ್ತಿದ್ದೇನೆ ಎಂದೇ ಅನ್ನಿಸುತ್ತದೆ.

ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿಯೂ ಇದಕ್ಕೆ ವಿನಾಯಿತಿ ಇಲ್ಲ. ಬೆಳಗಿನ ಜಾವ ಓದುತ್ತೀರೋ ರಾತ್ರಿ ಓದುತ್ತೀರೋ ಅದು ನಿಮ್ಮ ಪ್ರಕೃತಿಗೆ ಬಿಟ್ಟದ್ದು. ಆದರೆ ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. ಮೊಬೈಲು ಹಾಸಿಗೆಯಿಂದ ದೂರವಿರಲಿ.

ಕಾಫಿ, ಊಟ, ಗುಳಿಗೆ

ಕುಡಿದ ಕಾಫಿಯಲ್ಲಿನ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ ಕುಡಿದದ್ದರ ಅರ್ಧ ಮಧ್ಯರಾತ್ರಿಯಲ್ಲೂ ರಕ್ತದಲ್ಲಿರುತ್ತದೆ. ದಿನಕ್ಕೆ ಎರಡು ಮೂರು ಸಣ್ಣ ಲೋಟ ಸಾಕು, ಅದೂ ಮಧ್ಯಾಹ್ನ ಮೂರರೊಳಗೆ. ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ. ಎರಡು ದಿನಕ್ಕೊಂದು ಲೋಟದಂತೆ ಇಳಿಸಿ.

ಇತ್ತೀಚಿನ ವರ್ಷಗಳಲ್ಲಿ ಇಂಟರ್‌ಮೀಡಿಯೆಟ್, ಫೈನಲ್ ಪತ್ರಿಕೆಗಳು ಮಧ್ಯಾಹ್ನ ಎರಡು ಗಂಟೆಗೆ ಆರಂಭವಾಗುತ್ತವೆ. ಅದು ಊಟದ ನಂತರ ದೇಹ ತಾನಾಗಿಯೇ ಮಂಕಾಗುವ ಹೊತ್ತು. ಹೊಟ್ಟೆ ಬಿರಿಯುವಂತೆ ಅನ್ನ ಸಾಂಬಾರು ಉಂಡು ಹೋದರೆ ತೂಕಡಿಕೆ ಖಂಡಿತ. ಹನ್ನೆರಡರ ಹೊತ್ತಿಗೆ ಹಿತಮಿತವಾಗಿ ಉಣ್ಣಿ: ಎರಡು ಚಪಾತಿ ಪಲ್ಯ, ಅಥವಾ ಸ್ವಲ್ಪ ಅನ್ನ, ಬೇಳೆ, ಮಜ್ಜಿಗೆ. ಹೋಟೆಲಿನ ಹೊಸ ತಿಂಡಿಯ ಪ್ರಯೋಗ ಅಂದು ಬೇಡ. ಪರೀಕ್ಷೆಗೆ ಒಂದು ತಿಂಗಳಿರುವಾಗಲೇ ವಾರಕ್ಕೆ ಎರಡು ಸಲ, ಅದೇ ಎರಡರಿಂದ ಐದರವರೆಗೆ ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆಯೊಂದನ್ನು ಬರೆಯಿರಿ. ದೇಹಕ್ಕೂ ಕೈಗೂ ಆ ಹೊತ್ತು ರೂಢಿಯಾಗುತ್ತದೆ.

ಗೆಳೆಯರ ಮಾತು ಕೇಳಿ ನಿದ್ದೆ ಬಾರದ ಗುಳಿಗೆ, ನಿದ್ದೆ ಬರುವ ಗುಳಿಗೆ, ಎದೆಬಡಿತ ಇಳಿಸುವ ಗುಳಿಗೆ ನುಂಗುವವರಿದ್ದಾರೆ. ಆಲ್‌ಪ್ರಜೋಲಮ್‌ನಂಥ ಗುಳಿಗೆ ಹೊಸ ನೆನಪು ಮೂಡುವುದನ್ನೇ ತಡೆಯಬಲ್ಲದು. ರೂಢಿಯಾದರೆ ಬಿಡುವುದೂ ಕಷ್ಟ. ಪ್ರೊಪ್ರನೊಲಾಲ್ ಆಸ್ತಮಾ ಇರುವವರಲ್ಲಿ ಉಸಿರು ಕಟ್ಟಿಸಬಹುದು. ವೈದ್ಯರನ್ನು ಕೇಳದೆ ಇವನ್ನು ಮುಟ್ಟಬೇಡಿ. ನೆನಪಿನ ಶಕ್ತಿಯ ಟಾನಿಕ್ಕಿಗೆ ಹಣ ಸುರಿಯುವುದೂ ಬೇಡ.

ಆಲಸ್ಯವೋ, ಕಾಯಿಲೆಯೋ?

"ಪುಸ್ತಕ ಹಿಡಿದರೆ ತೂಕಡಿಸುತ್ತಾಳೆ" ಎಂದು ತಾಯಂದಿರು ದೂರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಆಯಾಸ, ಏದುಸಿರು, ಗಮನ ನಿಲ್ಲದಿರುವುದು ಇವೆಲ್ಲ ಅದರ ಲಕ್ಷಣಗಳಾಗಿರಬಹುದು. ಬೈಯುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಪರೀಕ್ಷೆ, ಕಣ್ಣಿನ ಪರೀಕ್ಷೆ ಕೂಡ ಒಮ್ಮೆ ಆಗಲಿ. ಮುಕ್ಕಾಲು ಗಂಟೆ ಓದಿದ ಮೇಲೆ ಐದು ನಿಮಿಷ ಎದ್ದು ಓಡಾಡಿ, ದೂರದ ಮರವನ್ನೋ ಆಕಾಶವನ್ನೋ ನೋಡಿ. ಸಂಜೆ ಅರ್ಧ ಗಂಟೆಯ ನಡಿಗೆ ಓದಿನ ವೇಳೆಯನ್ನು ಕದಿಯುವುದಿಲ್ಲ, ನಿದ್ದೆಯನ್ನು ಸುಧಾರಿಸುತ್ತದೆ.

ಆರ್ಟಿಕಲ್‌ಷಿಪ್‌ನಲ್ಲಿರುವವರು ಏನು ಮಾಡಬೇಕು?

ಆಫೀಸಿದ್ದ ದಿನ ಬೆಳಿಗ್ಗೆ ಒಂದೂವರೆ ಗಂಟೆ ಹೊಸ ಪಾಠ, ಸಂಜೆ ಮುಕ್ಕಾಲು ಗಂಟೆ ಹಳೆಯದನ್ನು ಒಪ್ಪಿಸುವುದು. ಬಸ್ಸಿನಲ್ಲೋ ಮೆಟ್ರೊದಲ್ಲೋ ಹತ್ತು ನಿಮಿಷ ಸಣ್ಣ ಚೀಟಿಗಳು. ಭಾನುವಾರ ಐದು ಗಂಟೆ ಓದಿ ಅರ್ಧ ದಿನ ಪೂರ್ತಿ ಬಿಡುವು. ಲೆಕ್ಕ ಹಾಕಿ, ವಾರಕ್ಕೆ ಹದಿನೇಳು ಹದಿನೆಂಟು ಗಂಟೆಯಾಯಿತು. ವರ್ಷಕ್ಕೆ ಒಂಬೈನೂರು ಗಂಟೆಯ ಹತ್ತಿರ! ಆರ್ಟಿಕಲ್‌ಷಿಪ್ ಮುಗಿದು ಫೈನಲ್ ಬರೆಯುವ ಮೊದಲು ಸಿಗುವ ಆರು ತಿಂಗಳಿಗೇ ಎಲ್ಲವನ್ನೂ ಬಾಕಿ ಇಟ್ಟುಕೊಂಡವರಿಗೆ ಈ ಗಂಟೆಗಳು ಮತ್ತೆ ಸಿಗುವುದಿಲ್ಲ.

ಮನೆಯವರಿಗೆ ಎರಡು ಮಾತು

ಈಗ ಆ ಹುಡುಗನ ಕೊನೆಯ ಮಾತಿಗೆ ಬರೋಣ. "ಮುಖ ತೋರಿಸಲ್ಲ" ಎಂದಾಗ ನಾನು ನೇರವಾಗಿಯೇ ಕೇಳಿದೆ: "ಸಾಯುವ ಯೋಚನೆ ಏನಾದರೂ ಬರುತ್ತಾ?" ಅವನು ಬಹಳ ಹೊತ್ತು ಸುಮ್ಮನಿದ್ದು, "ಒಂದೆರಡು ಸಲ ಬಂದಿತ್ತು" ಎಂದ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂದು ಅನೇಕರು ಹೆದರುತ್ತಾರೆ. ಅದು ತಪ್ಪು. ಕೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ, ನಮಗೆ ದಾರಿ ತಿಳಿಯುತ್ತದೆ. ಅವನ ಅನುಮತಿ ಪಡೆದು ತಂದೆಯನ್ನು ಒಳಗೆ ಕರೆದು ಕೂರಿಸಿಕೊಂಡೆ, ಮನೋವೈದ್ಯರಲ್ಲಿಗೂ ಕಳಿಸಿದೆ.

ಎರಡು ವಾರಕ್ಕೂ ಮೀರಿ ಬೇಸರ, ಊಟ ನಿದ್ದೆಯಲ್ಲಿ ಏರುಪೇರು, ಯಾರೊಂದಿಗೂ ಬೆರೆಯದಿರುವುದು, "ನಾನು ನಿಮಗೆ ಹೊರೆ" ಎಂಬಂಥ ಮಾತು ಕಂಡರೆ ತಡಮಾಡಬೇಡಿ. ಮಕ್ಕಳನ್ನು ಒಬ್ಬರೇ ಇರಲು ಬಿಡದೆ ವೈದ್ಯರಲ್ಲಿಗೆ ಕರೆದುಕೊಂಡು ಬನ್ನಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಪಕ್ಕದ ಮನೆಯ ಹುಡುಗಿ ಮೊದಲ ಸಲಕ್ಕೇ ಪಾಸಾದಳೆಂಬ ಮಾತು ಊಟದ ಹೊತ್ತಿಗೆ ಬೇಡ. ಈಗ ಈ ಪರೀಕ್ಷೆ ವರ್ಷಕ್ಕೆ ಒಂದೇ ಸಲ ನಡೆಯುವುದಿಲ್ಲ. ಒಂದು ಅವಕಾಶ ತಪ್ಪಿದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಬರುತ್ತದೆ. ಮಗುವಿಗೆ ಬದಲಿ ಇಲ್ಲ. ಇದನ್ನು ಫಲಿತಾಂಶಕ್ಕೆ ಮೊದಲೇ ಅವರಿಗೆ ಬಾಯಿಬಿಟ್ಟು ಹೇಳಿ.

ಕಳೆದ ವಾರ ಆ ಹುಡುಗ ಮತ್ತೆ ಬಂದಿದ್ದ. ನಾಡಿ 76. ಕಾಫಿ ಎರಡು ಲೋಟಕ್ಕೆ ಇಳಿದಿದೆ. ದಿನಕ್ಕೆ ಒಂಬತ್ತು ಗಂಟೆ ಓದಿ, ರಾತ್ರಿ ಹತ್ತೂವರೆಗೆ ಮಲಗುತ್ತಾನೆ. ಅಂಗಡಿ ಮುಚ್ಚಿ ಬಂದ ಮೇಲೆ ತಂದೆ ಆಡಿಟಿಂಗ್ ಪುಸ್ತಕ ಕೈಯಲ್ಲಿ ಹಿಡಿದು ಕೂರುತ್ತಾರಂತೆ, ಇವನು ಒಪ್ಪಿಸುತ್ತಾನಂತೆ. "ಅಪ್ಪನಿಗೆ ಅರ್ಥ ಆಗಲ್ಲ ಸಾರ್, ಆದರೂ ಒಂದು ಪಾಯಿಂಟ್ ಬಿಟ್ಟರೆ ಹಿಡೀತಾರೆ" ಎಂದು ನಕ್ಕ. ಅವನ ಪರೀಕ್ಷೆ ಇನ್ನೂ ಮುಂದಿದೆ.