ಡಬ್ಬಿಯ ಮೇಲಿನ 1200 ಎಲ್ಲಿ ಹೋಯಿತು?

ಮದುವೆ ಫೋಟೊ, ವಿಡಿಯೊ ತೆಗೆಯುವ ಸಣ್ಣ ಸ್ಟುಡಿಯೊಗಳಲ್ಲಿ ಈಗ ನಾಸ್ ಪೆಟ್ಟಿಗೆ ಅಪರೂಪವಲ್ಲ. ಒಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್, ಹಿಂದೆ ಒಂದು ನೆಟ್‌ವರ್ಕ್ ಪೋರ್ಟ್. ರೌಟರ್‌ಗೆ ಸಿಕ್ಕಿಸಿದರೆ ಅಲ್ಲಿನ ಎಲ್ಲ ಕಂಪ್ಯೂಟರ್‌ಗಳಿಗೂ ಆ ಡಿಸ್ಕ್ ಸಿಗುತ್ತದೆ. ಒಂದು ಮದುವೆಯ 60 ಜಿಬಿ ಫೈಲುಗಳನ್ನು ವೈಫೈ ಮೂಲಕ ಅದಕ್ಕೆ ಕಾಪಿ ಮಾಡಲು ಒಂದೂವರೆ ಗಂಟೆ ಹಿಡಿಯಿತು ಎಂದಿಟ್ಟುಕೊಳ್ಳಿ. ಬೈಗುಳ ಮೊದಲು ನಾಸ್‌ಗೆ, ಆಮೇಲೆ ಇಂಟರ್ನೆಟ್ ಕೊಟ್ಟವರಿಗೆ. ಹೆಚ್ಚಿನ ಸಲ ಇಬ್ಬರದೂ ತಪ್ಪಿರುವುದಿಲ್ಲ. ಲ್ಯಾಪ್‌ಟಾಪ್‌ನಿಂದ ಡಿಸ್ಕಿನವರೆಗೆ ಫೈಲು ನಾಲ್ಕೈದು ಹಂತ ದಾಟಬೇಕು. ಅದರಲ್ಲಿ ಅತಿ ನಿಧಾನದ ಹಂತ ಯಾವುದೋ ಅದೇ ಇಡೀ ಕೆಲಸದ ವೇಗ. ಆ ಹಂತವನ್ನು ಹುಡುಕದೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

"ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸಿದರೆ ನಾಸ್ ಚುರುಕಾಗುತ್ತೆ" ಎಂಬ ನಂಬಿಕೆಯನ್ನು ಬೇಗ ಮುಗಿಸಿಬಿಡಬಹುದು. ಒಂದೇ ಸೂರಿನಡಿ ಲ್ಯಾಪ್‌ಟಾಪ್‌ನಿಂದ ನಾಸ್‌ಗೆ ಹೋಗುವ ಫೈಲು ರೌಟರ್‌ವರೆಗೆ ಹೋಗಿ ಅಲ್ಲಿಂದಲೇ ತಿರುಗುತ್ತದೆ, ಹೊರಗಿನ ಫೈಬರ್ ಮುಟ್ಟುವುದೇ ಇಲ್ಲ. ಇಂಟರ್ನೆಟ್ ಕಡಿತಗೊಂಡ ದಿನವೂ ಕಾಪಿ ಅಷ್ಟೇ ವೇಗದಲ್ಲಿ ನಡೆಯುತ್ತದೆ. ಊರಾಚೆಯಿಂದ ನಾಸ್ ತೆರೆಯುವವರಿಗೆ ಮಾತ್ರ ಪ್ಲಾನ್ ಮುಖ್ಯ. ಅಲ್ಲಿಯೂ ಲೆಕ್ಕಕ್ಕೆ ಬರುವುದು ಅಪ್‌ಲೋಡ್ ವೇಗ.

ಹೆಚ್ಚು ಜನ ಎಡವುವುದು ರೌಟರ್ ಡಬ್ಬಿಯ ಮೇಲಿನ ಸಂಖ್ಯೆಯಲ್ಲಿ. "1200 ಅಂತ ಬರೆದಿದೆ, ಸೆಕೆಂಡಿಗೆ ಹತ್ತು ಎಂಬಿಯೂ ಬರುತ್ತಿಲ್ಲ." ಆ 1200 ಮೆಗಾಬಿಟ್‌ಗಳ ಲೆಕ್ಕ, ಕಾಪಿ ಕಿಟಕಿ ತೋರಿಸುವುದು ಮೆಗಾಬೈಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಲ್ಲಿಗೇ 1200 ಎಂಬುದು 150ಕ್ಕೆ ಇಳಿಯಿತು. ಇನ್ನೊಂದು ವಿಷಯ, ಅದು ಎರಡು ಬ್ಯಾಂಡುಗಳ ಮೊತ್ತವನ್ನು ದುಂಡಾಗಿಸಿ ಬರೆದದ್ದು: 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867. ನಿಮ್ಮ ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಕೂತಿರುವುದು ಒಂದೇ ಬ್ಯಾಂಡಿನಲ್ಲಿ. ಆ 867 ಕೂಡ ರೇಡಿಯೊ ಸಂಕೇತದ ಗರಿಷ್ಠ ವೇಗವೇ ಹೊರತು ಫೈಲಿನ ವೇಗವಲ್ಲ.

ವೈಫೈಯಲ್ಲಿ ಒಂದು ಚಾನೆಲ್ ಬಳಸುವ ಸಾಧನಗಳೆಲ್ಲ ಪಂಚಾಯಿತಿ ಕಟ್ಟೆಯಲ್ಲಿ ಕೂತವರಂತೆ. ಒಬ್ಬರು ಮಾತಾಡುವಾಗ ಮಿಕ್ಕವರು ಸುಮ್ಮನಿರಬೇಕು. ಪ್ರತಿ ಸಾಧನವೂ ಕಳಿಸುವ ಮುನ್ನ ಚಾನೆಲ್ ಖಾಲಿಯಿದೆಯೇ ಎಂದು ಆಲಿಸಬೇಕು, ಕ್ಷಣ ಕಾಯಬೇಕು, ಕಳಿಸಿದ ಮೇಲೆ ತಲುಪಿತೆಂಬ ಮರುತ್ತರ ಪಡೆಯಬೇಕು. ಈ ಕಾಯುವಿಕೆಯಲ್ಲೇ ಸಾಕಷ್ಟು ಹೊತ್ತು ಹೋಗುತ್ತದೆ. ಹಾಗಾಗಿ 867ರ ಸಂಪರ್ಕ ಇದ್ದು, ರೌಟರ್ ಅದೇ ಕೋಣೆಯಲ್ಲಿದ್ದರೂ ಕೈಗೆ ಸಿಗುವುದು ಸುಮಾರು 500ರಿಂದ 600 ಮೆಗಾಬಿಟ್, ಅಂದರೆ ಸೆಕೆಂಡಿಗೆ 60–75 ಎಂಬಿ. ನಡುವೆ ಒಂದು ಕಾಂಕ್ರೀಟ್ ಗೋಡೆ ಬಂದರೆ ಇನ್ನೂ ಇಳಿಯುತ್ತದೆ. ರೌಟರ್‌ಗೆ ಆರು ಆಂಟೆನಾ ಇದ್ದರೆ ಇದು ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯ ಫೋನು, ಲ್ಯಾಪ್‌ಟಾಪ್‌ಗಳ ವೈಫೈಗೆ ಇರುವುದು ಎರಡೇ ಆಂಟೆನಾ. ವೇಗದ ಮಿತಿ ಅದು.

ಅಷ್ಟಾದರೂ 60 ಎಂಬಿ ವೇಗದಲ್ಲಿ ನಮ್ಮ 60 ಜಿಬಿ ಹದಿನೇಳು ನಿಮಿಷದಲ್ಲಿ ಮುಗಿಯಬೇಕಿತ್ತು. ಒಂದೂವರೆ ಗಂಟೆ ಏಕೆ? ಇಲ್ಲಿದೆ ಯಾರೂ ಅನುಮಾನಿಸದ ಜಾಗ: ರೌಟರ್‌ನ ಹಿಂಬದಿಯ ಪೋರ್ಟು. 1200 ಎಂದು ಮಾರುವ ಅಗ್ಗದ ರೌಟರ್‌ಗಳಲ್ಲಿ ಹಲವಕ್ಕೆ ಇರುವುದು 100 ಮೆಗಾಬಿಟ್‌ನ ಪೋರ್ಟು. ನಾಸ್ ಆ ಪೋರ್ಟಿನಲ್ಲಿ ಕೂತರೆ ವೈಫೈ ಎಷ್ಟೇ ಚುರುಕಾಗಿರಲಿ, ಸೆಕೆಂಡಿಗೆ 11–12 ಎಂಬಿ ದಾಟುವುದಿಲ್ಲ. ತಂತಿ ಯಾವಾಗಲೂ ವೈಫೈಗಿಂತ ವೇಗ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಪೋರ್ಟು ಗಿಗಾಬಿಟ್‌ನದೇ ಆಗಿದ್ದರೂ ಕೇಬಲ್ ಕೈಕೊಡಬಹುದು. 100 ಮೆಗಾಬಿಟ್‌ಗೆ ಕೇಬಲ್ ಒಳಗಿನ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಬಾಗಿಲ ಸಂದಿಯಲ್ಲಿ ಸಿಕ್ಕಿ ಒಂದು ಎಳೆ ತುಂಡಾದರೂ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಕಾಪಿ ಕಿಟಕಿಯಲ್ಲಿ 11ರ ಆಸುಪಾಸಿಗೆ ಅಂಟಿಕೊಂಡು ನಿಂತ ಸಂಖ್ಯೆ ಕಂಡರೆ ಬೇರೇನೂ ಯೋಚಿಸದೆ ಪೋರ್ಟು, ಕೇಬಲ್ ನೋಡಿ.

"ಹಾಗಾದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋಣ" ಎನ್ನುವವರಿಗೆ ಒಂದು ಮಾತು. ಇಂದಿನ ಸಾಧಾರಣ ಹಾರ್ಡ್ ಡಿಸ್ಕ್ ದೊಡ್ಡ ಫೈಲನ್ನು ಸೆಕೆಂಡಿಗೆ 150 ಎಂಬಿಗೂ ಹೆಚ್ಚು ವೇಗದಲ್ಲಿ ಓದುತ್ತದೆ. ಗಿಗಾಬಿಟ್ ಕೇಬಲ್ಲಿನಲ್ಲಿ ಹೋಗಬಲ್ಲದ್ದೇ ಸುಮಾರು 110–118. ದೊಡ್ಡ ವಿಡಿಯೊ ಫೈಲುಗಳಿಗಾಗಿ ಎಸ್‌ಎಸ್‌ಡಿಗೆ ಕೊಟ್ಟ ದುಡ್ಡು ಆ ಕೇಬಲ್ ಆಚೆಗೆ ತಲುಪುವುದಿಲ್ಲ. ಆ ಹಣದಲ್ಲಿ ಇನ್ನೊಂದು ಡಿಸ್ಕ್ ಕೊಂಡು, ಫೈಲುಗಳ ಪ್ರತಿ ಮಾಡಿ ಬೇರೆ ಕಟ್ಟಡದಲ್ಲಿಡಿ ಎಂದೇ ನಾನು ಹೇಳುವುದು. ನಾಸ್‌ನ ಎರಡು ಡಿಸ್ಕಿಗೂ ಒಂದೇ ಫೈಲು ಹೋಗುವ ರೇಡ್ ವ್ಯವಸ್ಥೆ ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ, ಕೈತಪ್ಪಿ ಅಳಿಸಿದಾಗ ಅಲ್ಲ. ಒಂದು ಕುಟುಂಬದ ಮದುವೆ ಫೋಟೊ ಮತ್ತೊಮ್ಮೆ ತೆಗೆಯಲಾಗದು.

ಬ್ಯಾಂಡಿನ ವಿಷಯಕ್ಕೆ ಬಂದರೆ, 2.4 ಗಿಗಾಹರ್ಟ್ಸ್ ದೂರ ಮುಟ್ಟುತ್ತದೆ ನಿಜ, ಫೈಲ್ ಕಾಪಿಗೆ ಮಾತ್ರ ಅದನ್ನು ನೆಚ್ಚಬಾರದು. ಅಲ್ಲಿರುವ ಜಾಗ 83.5 ಮೆಗಾಹರ್ಟ್ಸ್; ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11, ಮೂರೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ವೈಫೈ ಪಟ್ಟಿ ತೆರೆದರೆ ಆ ಮೂರನ್ನು ಎಷ್ಟು ಮನೆಗಳು ಹಂಚಿಕೊಂಡಿವೆ ಎಂಬುದು ಕಾಣುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 2018ರಲ್ಲಿ ಕೇಂದ್ರ ಸರ್ಕಾರ ಲೈಸೆನ್ಸ್ ಬೇಡದ ಜಾಗವನ್ನು 605 ಮೆಗಾಹರ್ಟ್ಸ್‌ಗೆ ಹಿಗ್ಗಿಸಿತು. ನಾಸ್ ಬಳಸುವ ಲ್ಯಾಪ್‌ಟಾಪ್ ಅಲ್ಲೇ ಇರಲಿ. ರೌಟರ್‌ಗೇ ಯುಎಸ್‌ಬಿ 3 ಡಿಸ್ಕ್ ಸಿಕ್ಕಿಸಿ ಅದನ್ನೇ ನಾಸ್ ಮಾಡಿಕೊಂಡವರಿಗೆ ಇದು ಇನ್ನೂ ಮುಖ್ಯ: ಯುಎಸ್‌ಬಿ 3ರ ಸಂಪರ್ಕದಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಬ್ಯಾಂಡನ್ನು ಕೆಡಿಸುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿತ್ತು. ಡಿಸ್ಕನ್ನು ಆಂಟೆನಾದಿಂದ ದೂರವಿಟ್ಟು, ಒಳ್ಳೆಯ ಹೊದಿಕೆಯ ಕೇಬಲ್ ಹಾಕಿದರೆ ಈ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ.

ಒಳಕೋಣೆಗೆ ಸಿಗ್ನಲ್ ಬರಲಿ ಎಂದು ರಿಪೀಟರ್ ಇಟ್ಟರೆ ಪರದೆಯ ಮೇಲೆ ಕಡ್ಡಿಗಳು ತುಂಬುತ್ತವೆ, ವೇಗ ಮಾತ್ರ ಅರ್ಧವಾಗಬಹುದು. ಒಂದೇ ಚಾನೆಲ್ಲಿನಲ್ಲಿ ಕೆಲಸ ಮಾಡುವ ರಿಪೀಟರ್ ಪ್ರತಿ ತುಣುಕನ್ನೂ ಕೇಳಿಸಿಕೊಂಡು ಮತ್ತೆ ಹೇಳಬೇಕು; ಒಂದೇ ಫೈಲಿಗೆ ಗಾಳಿಯಲ್ಲಿ ಎರಡು ಪಟ್ಟು ಹೊತ್ತು. ನಾಸನ್ನೂ ವೈಫೈಯಲ್ಲೇ ಇಡುವವರಿಗೂ ಇದೇ ಲೆಕ್ಕ. ನಾಸ್‌ಗೆ ಯಾವತ್ತೂ ಕೇಬಲ್ ಹಾಕಿ.

ಪರೀಕ್ಷೆ ಸುಲಭ. ನಾಲ್ಕೈದು ಜಿಬಿಯ ಒಂದೇ ವಿಡಿಯೊ ಆರಿಸಿಕೊಂಡು, ಗಿಗಾಬಿಟ್ ಪೋರ್ಟಿರುವ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೌಟರ್‌ಗೆ ಜೋಡಿಸಿ ಕಾಪಿ ಮಾಡಿ. 110ರ ಹತ್ತಿರ ಬಂದರೆ ನಾಸ್, ಡಿಸ್ಕ್, ಪೋರ್ಟು ಎಲ್ಲವೂ ಸರಿ, ಉಳಿದದ್ದು ವೈಫೈ. ದೊಡ್ಡ ಫೈಲು ಸರಾಗವಾಗಿ ಹೋಗಿ, ಎಡಿಟಿಂಗ್ ಸಾಫ್ಟ್‌ವೇರ್ ಮಾಡಿಟ್ಟ ಸಾವಿರಾರು ಪ್ರಿವ್ಯೂಗಳ ಫೋಲ್ಡರ್ ಮಾತ್ರ ತೆವಳಿದರೆ ಅದಕ್ಕೂ ಕಾರಣವಿದೆ: ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಎಂಬ ಮಾತುಕತೆ ನಡೆಯಬೇಕು, ಅದರ ಒಂದೊಂದು ಮಾತಿಗೂ ವೈಫೈಯಲ್ಲಿ ಸರದಿ ಕಾಯಬೇಕು. ಅಂಥ ಫೋಲ್ಡರನ್ನು ಲ್ಯಾಪ್‌ಟಾಪ್‌ನಲ್ಲೇ ಒಂದು ಜಿಪ್ ಫೈಲು ಮಾಡಿ ಕಳಿಸಿ.