ಮುಷ್ಟಿ ಹಿಡಿಯಿರಿ

ಬೆಳಗಿನ ಕಾಫಿಯನ್ನೂ ಬಿಟ್ಟು ರಕ್ತಪರೀಕ್ಷೆಗೆಂದು ಬಂದು ಕುಳಿತವನ ತೋಳಿಗೆ ರಬ್ಬರ್ ಪಟ್ಟಿಯನ್ನು ಬಿಗಿದು, 'ಮುಷ್ಟಿ ಹಿಡಿಯಿರಿ' ಎಂದು ಹೇಳಿ, ಮೊಣಕೈಯ ಒಳಮಡಿಕೆಯನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ನರವನ್ನು (ಶಾಸ್ತ್ರದಲ್ಲಿ ಅದು ಸಿರೆ, ಜನರ ಬಾಯಲ್ಲಿ ನರವೇ) ಹುಡುಕುವ ಆ ಅರೆನಿಮಿಷದ ಸಂಕಟವು ಸೂಜಿಯ ನೋವಿಗಿಂತ ಮಿಗಿಲಾದುದು. ಸ್ಪಿರಿಟ್ಟಿನ ಹತ್ತಿಯ ತಂಪು ತಾಗಿದೊಡನೆ ಎದೆ ಹೊಡೆದುಕೊಳ್ಳಲಾರಂಭಿಸುತ್ತದೆ.

ಆ ಪಟ್ಟಿಗೂ ಆ ಮುಷ್ಟಿಗೂ ದೀರ್ಘವಾದ ಚರಿತ್ರೆಯುಂಟು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಿರಾವ್ಯಧಕ್ಕೆಂದೇ ಒಂದು ಅಧ್ಯಾಯವಿದ್ದು, ರೋಗಿಯನ್ನು ಸುಖವಾಗಿ ಕುಳ್ಳಿರಿಸಿ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿ, ತೋಳಿಗೆ ಬಂಧವನ್ನು ಹಾಕಿ ಸಿರೆಯನ್ನು ಭೇದಿಸತಕ್ಕ ವಿಧಾನವು ಅಲ್ಲಿ ವರ್ಣಿತವಾಗಿದೆ. ಆದರೆ ಅಂದು ರಕ್ತವನ್ನು ಹೊರಹಾಕುವುದೇ ಚಿಕಿತ್ಸೆ, ಪರೀಕ್ಷೆಯ ಮಾತಿರಲಿಲ್ಲ. ಪಶ್ಚಿಮದಲ್ಲಿಯೂ ಹಾಗೆಯೇ. 1799ರ ಡಿಸೆಂಬರಿನಲ್ಲಿ ಗಂಟಲುಬೇನೆಯಿಂದ ಮಲಗಿದ ಜಾರ್ಜ್ ವಾಷಿಂಗ್ಟನ್ನರ ದೇಹದಿಂದ ಒಂದೇ ದಿನ ಹಲವು ಬಾರಿ ರಕ್ತವನ್ನು ಹರಿಸಿದರು. ಆ ರಾತ್ರಿಯೇ ಅವರು ತೀರಿಕೊಂಡರು. ಅದಕ್ಕೂ ಮುಂಚೆ, 1628ರಲ್ಲಿ, ವೈದ್ಯ ವಿಲಿಯಂ ಹಾರ್ವೆಯು ಇದೇ ತೋಳುಕಟ್ಟನ್ನು ಬಿಗಿದು, ಉಬ್ಬಿದ ಸಿರೆಗಳ ಕವಾಟಗಳನ್ನು ತೋರಿಸಿ, ರಕ್ತವು ದೇಹದಲ್ಲಿ ಪರಿಭ್ರಮಿಸುತ್ತದೆಂಬ ಸತ್ಯವನ್ನು ಜಗತ್ತಿಗೆ ಸಾರಿದ್ದನು.

1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಬಳಸಿದ ಪಿಚಕಾರಿ ಸೂಜಿಯು ಔಷಧವನ್ನು ಒಳಸೇರಿಸಲು ಬಂದದ್ದು. ವಿಜ್ಞಾನಿ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಕಂಡುಹಿಡಿದ ಮೇಲೆ, ರಕ್ತವು ರೋಗಿಯ ಗುಟ್ಟನ್ನು ಹೇಳಬಲ್ಲುದೆಂಬ ಅರಿವು ಬಲಿತಂತೆಲ್ಲ ಅದೇ ಸೂಜಿ ಹೊರಸೆಳೆಯುವುದಕ್ಕೂ ನಿಂತಿತು. ಗಾಜಿನ ಪಿಚಕಾರಿಯನ್ನು ನೀರಿನಲ್ಲಿ ಕುದಿಸಿ, ಮೊಂಡಾದ ಸೂಜಿಯನ್ನು ಮತ್ತೆ ಮಸೆದು ಚುಚ್ಚುತ್ತಿದ್ದ ಕಾಲದ ನೋವು ನಿಜವಾಗಿಯೂ ನೋವೇ. 1940ರ ದಶಕದಲ್ಲಿ ಅಮೆರಿಕದ ಜೋಸೆಫ್ ಕ್ಲೈನರ್ ರೂಪಿಸಿದ ನಿರ್ವಾತ ನಳಿಕೆಯಿಂದ ಒಂದೇ ಚುಚ್ಚಿಗೆ ಹಲವು ನಳಿಕೆಗಳು ತುಂಬುವಂತಾಯಿತು: ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಿರಲು ಈಡಿಟಿಎ, ಬೂದು ಮುಚ್ಚಳದ್ದರಲ್ಲಿ ಸಕ್ಕರೆಯ ಪ್ರಮಾಣ ಕುಗ್ಗದಿರಲು ಫ್ಲೋರೈಡ್.

ಉಪಕರಣವು ಇಷ್ಟು ನಯವಾಯಿತು, ಭಯಕ್ಕೆ ಮಾತ್ರ ಅಂಥ ಆರೈಕೆ ದೊರೆಯಲಿಲ್ಲ. ಇತರ ಭಯಗಳಲ್ಲಿ ರಕ್ತದೊತ್ತಡವು ಏರಿದರೆ, ರಕ್ತದ ಮತ್ತು ಸೂಜಿಯ ಭಯದಲ್ಲಿ ಅದು ಕೆಲವರಿಗೆ ಏರಿದೊಡನೆಯೇ ಥಟ್ಟನೆ ಕುಸಿಯುತ್ತದೆ; ಅವರು ಬೆವರೊಡೆದು, ಕಣ್ಣು ಕತ್ತಲಿಟ್ಟು, ಕುಳಿತಲ್ಲಿಯೇ ಒರಗಿಬಿಡುತ್ತಾರೆ. ಇದು ಶರೀರದ ಧರ್ಮ, ಹೇಡಿತನವಲ್ಲ. 'ಗಂಡಸಾಗಿ ಇಷ್ಟಕ್ಕೆಲ್ಲ ಹೆದರುವುದೇ?' ಎಂದು ಕೇಳುವವರು ಅನ್ಯಾಯದ ಮಾತನ್ನಾಡುತ್ತಾರೆ. ಹಿಂದೊಮ್ಮೆ ತಲೆಸುತ್ತು ಬಂದಿದ್ದವರು ನಾಚದೆ ಮೊದಲೇ ಹೇಳಿರಿ, ಮಲಗಿಕೊಂಡೇ ರಕ್ತ ಕೊಡಿರಿ.